ನಾದಿನಿಗೆ ಕೊಡದ ಹಾಡು

ಬೆಳಕು ಹರಿಯುವ ಮುನ್ನವೇ ಸುವರ್ಣಾ ಒಳಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಮೂರು ಗೋಡೆಗಳಿಗೆ ಆನಿಸಿ ಎದೆಮಟ್ಟಕ್ಕೆ ತೊಗರಿ ಚೀಲ ಒಟ್ಟಿವೆ. ನಡುವೆ ಒಂದು ಮಣೆ, ಅದರ ಮುಂದೆ ಡಬ್ಬಿಯ ಮೇಲೆ ನಿಲ್ಲಿಸಿದ ಮೈಕು, ಮೈಕಿಗೆ ಸಿಕ್ಕಿಸಿದ ಫೋನು. ಸುವರ್ಣಾ ಕಿವಿಗೆ ಇಯರ್‌ಫೋನ್ ಇಟ್ಟುಕೊಂಡು, ತಲೆಯ ಮೇಲಿಂದ ಕೌದಿ ಹೊದ್ದು, ಮೈಕನ್ನೂ ಅದರೊಳಗೆ ಎಳೆದುಕೊಂಡು ಹಾಡತೊಡಗುತ್ತಾರೆ. ಕಂಡವರು ಚಳಿಜ್ವರ ಬಂದಿದೆ ಅಂದುಕೊಳ್ಳಬೇಕು. ಎರಡನೆಯ ಸಾಲಿಗೆ ಓಣಿಯಲ್ಲಿ ಟ್ರ್ಯಾಕ್ಟರ್ ಹೊರಡುತ್ತದೆ. ಕೌದಿ ಸರಿಸಿ, ಬೆವರು ಒರೆಸಿಕೊಂಡು, ಅದು ಊರು ದಾಟುವವರೆಗೆ ಕಾಯುತ್ತಾರೆ. ಮತ್ತೆ ಮೊದಲಿನಿಂದ.

"ಹಿಟ್ಟಿನ ಗಿರಣಿ ಚಾಲೂ ಆಗೋದ್ರೊಳಗ ಮುಗೀಬೇಕ್ರಿ. ಗಿರಣಿ ಶುರು ಆತಂದ್ರ ನನ್ನ ಸ್ಟುಡಿಯೋ ಬಂದ್," ಎಂದು ನಗುತ್ತಾರೆ.

ಆಳಂದ ತಾಲ್ಲೂಕಿನ ನಿಂಬರ್ಗಾದ ಈ ಕೋಣೆಯಲ್ಲಿ ಹುಟ್ಟುವ ಹಾಡುಗಳನ್ನು ಫೋನಿನಲ್ಲಿ ಹುಡುಕಿ ಕೇಳುವವರು ಬೆರಳೆಣಿಕೆಯಷ್ಟು ಮಂದಿ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಮದುವೆ ಮೆರವಣಿಗೆ ನೋಡಿದವರೆಲ್ಲ ಸುವರ್ಣಾ ಅವರ ದನಿಯನ್ನು ಕೇಳಿಯೇ ಇರುತ್ತಾರೆ. ಅದು ಇವರದೆಂದು ಗೊತ್ತಿಲ್ಲ, ಅಷ್ಟೆ. ಅಲ್ಲಿ ಹಚ್ಚುವ ಡಿಜೆ ಹಾಡಿನಲ್ಲಿ ಮುಂದಿನ ದನಿ ನಾದಿನಿ ಶೈಲಶ್ರೀ ಅವರದು. ಹಿಂದಿನ ಸೊಲ್ಲು ಸುವರ್ಣಾ ಅವರದು.

ಚಂದ್ರಾಮ ಅವರನ್ನು ಮದುವೆಯಾಗಿ ಸುವರ್ಣಾ ಈ ಮನೆಗೆ ಬಂದಾಗ ಶೈಲಶ್ರೀ ಇನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗಿ. ಅತ್ತೆ ಗುರಮ್ಮ ಸೋಮವಾರಕ್ಕೊಮ್ಮೆ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ವಚನ ಹಾಡಿಸುತ್ತಿದ್ದರು. ಒಂದೇ ಹಾರ್ಮೋನಿಯಮ್ಮಿನ ಎಡಬಲ ಅತ್ತಿಗೆ-ನಾದಿನಿ ಕೂರುತ್ತಿದ್ದರು. ಶೈಲಶ್ರೀ ದನಿ ಮೇಲಕ್ಕೆ ಹೋಗುತ್ತಿತ್ತು, ಸುವರ್ಣಾ ಅವರದು ಕೆಳಗೆ ನಿಂತು ಅದನ್ನು ಹಿಡಿದುಕೊಳ್ಳುತ್ತಿತ್ತು. ಅಫಜಲಪುರಕ್ಕೆ ಮದುವೆಯಾಗಿ ಹೋದ ಮೇಲೂ ಶೈಲಶ್ರೀ ಹಾಡು ಬಿಡಲಿಲ್ಲ. ಜೇವರ್ಗಿಯ ಸಣ್ಣ ಸ್ಟುಡಿಯೋ ಒಂದರಲ್ಲಿ ಇಬ್ಬರೂ ಡಿಜೆ ಜಾನಪದ ಹಾಡಿದರು. ಹಾಡು ಓಡಿತು. ವಿಡಿಯೋದಲ್ಲಿ ಶೈಲಶ್ರೀ ಮುಖ ಬಂತು, ಹೆಸರು ಬಂತು. ಈಗ ಸುತ್ತಲಿನ ಊರುಗಳ ವೇದಿಕೆಗೆಲ್ಲ ಅವರೇ ಬೇಕು. ಆಳಂದದ ಬಸ್ ನಿಲ್ದಾಣದಲ್ಲಿ ಜನ ಸುವರ್ಣಾ ಅವರನ್ನೂ ಗುರುತಿಸುತ್ತಾರೆ, ಶೈಲಶ್ರೀಯ ಅತ್ತಿಗೆ ಎಂದು: "ನೀವು ಶೈಲಶ್ರೀ ವೈನಿ ಅಲ್ಲೇನ್ರಿ?"

"ಸುಳ್ಳ್ ಯಾಕ ಹೇಳ್ಲಿ, ಹೊಟ್ಟಿ ಉರೀತದ್ರಿ," ಎನ್ನುತ್ತಾರೆ ಸುವರ್ಣಾ, ಮುಚ್ಚುಮರೆಯಿಲ್ಲದೆ. "ಅಕೀ ಕೆಟ್ಟಾಕಿ ಇದ್ದಿದ್ರ ಚೊಲೋ ಇತ್ತು, ಬೈದು ಸುಮ್ನಾಗ್ತಿದ್ದೆ. ಅಕೀ ಖರೇನ ಚೊಲೋ ಹಾಡ್ತಾಳ. ಸಂಕಟ ಅದರ್ದ."

ಪಕ್ಕದ ಮನೆಯಲ್ಲಿ ಆ ಹಾಡು ಹಚ್ಚಿದರೆ ಸುವರ್ಣಾ ಅಡುಗೆಮನೆ ಕದ ಹಾಕುತ್ತಾರೆ. ಹಾಕಿದ ಕದಕ್ಕೆ ಕಿವಿಗೊಟ್ಟು, ನಾದಿನಿಯ ಉಸಿರು ಎಲ್ಲಾದರೂ ತಪ್ಪಿತೇ ಎಂದು ಕೇಳುತ್ತಾರೆ. ಅಫಜಲಪುರದ ಕಾರ್ಯಕ್ರಮವೊಂದರಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೈ ನೋಯುವಷ್ಟು ಚಪ್ಪಾಳೆ ತಟ್ಟಿ, ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಗಂಡನ ಜತೆ ಮಾತಾಡಿರಲಿಲ್ಲ. ಚಂದ್ರಾಮ ಅವರಿಗೋ ತಂಗಿ ಎಂದರೆ ಹೆಮ್ಮೆ. ಅವಳ ಹಾಡನ್ನೇ ತಮ್ಮ ಫೋನಿನ ರಿಂಗ್‌ಟೋನ್ ಮಾಡಿಕೊಂಡಿದ್ದಾರೆ. "ಯಾರರೆ ಫೋನ್ ಹಚ್ಚಿದ್ರ ನನ್ನ ಮನ್ಯಾಗ ಅಕೀನ ಹಾಡ್ತಾಳ್ರಿ!"

ಈ ಉರಿಯೇ ಅವರನ್ನು ಮೈಕಿನ ಮುಂದೆ ಕೂರಿಸಿತು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ರೆಕಾರ್ಡಿಂಗ್ ಕಲಿತರು. ಮೊದಮೊದಲು ನಾದಿನಿಯ ಧಾಟಿಯಲ್ಲೇ ಡಿಜೆ ಹಾಡು ಮಾಡಿದರು, ಯಾರೂ ಕೇಳಲಿಲ್ಲ. "ಅಕೀನಂಗ ಹಾಡಿ ಅಕೀನ್ನ ಸೋಲಸ್ತೇನಿ ಅನ್ಕೊಂಡಿದ್ದೆ. ಎಂಥಾ ಹುಚ್ಚಿ!" ಕೊನೆಗೆ ಬೀಟು ತೆಗೆದುಹಾಕಿದರು. ಹಾರ್ಮೋನಿಯಂ ಒಂದೇ ಉಳಿಯಿತು. ತೊಗರಿ ಕೊಯ್ಯುವಾಗ ಹೆಂಗಸರು ಮಾತಾಡಿಕೊಳ್ಳುವ ಹಾಗೆ ಅರ್ಧ ಮಾತು, ಅರ್ಧ ಹಾಡು. ಇದಕ್ಕೆ ಏನು ಹೆಸರೋ ಅವರಿಗೂ ಗೊತ್ತಿಲ್ಲ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಹೀಗೆಯೇ ಒಂದು ಹಾಡು ಕಟ್ಟಿದರು. ಒಬ್ಬ ಹೆಂಗಸು ಬಸ್ಸಿಗೆ ನಿಂತಿದ್ದಾಳೆ. ತವರಿಗೂ ಅಲ್ಲ, ಗಂಡನ ಮನೆಗೂ ಅಲ್ಲ. ಕಿಡಕಿಯ ಪಕ್ಕ ಕೂತು ಗಾಳಿ ಕುಡಿಯುವುದಕ್ಕೆ. ತವರಿಗೆ ಬಂದಿದ್ದ ಶೈಲಶ್ರೀ ಅದರ ಅರೆಬರೆ ರೆಕಾರ್ಡಿಂಗನ್ನು ಫೋನಿನಲ್ಲಿ ಕೇಳಿದವರೇ ಎದ್ದು ಕೂತರು.

"ವೈನಿ, ಈ ಹಾಡು ನಂಗ ಕೊಡು. ಸ್ಟೇಜಿನ ಮ್ಯಾಲ ಹಾಡ್ತೇನಿ. ನಿನ್ನ ಹೆಸರು ಹೇಳ್ತೇನಿ."

"ಕೊಡು," ಎಂದರು ಚಂದ್ರಾಮ. "ಅಕೀ ಹಾಡಿದ್ರ ನಾಕ್ ಮಂದಿಗಿ ಮುಟ್ತದ."

ಶೈಲಶ್ರೀ ಅಲ್ಲೇ ಕೂತು ಕಡೆಯ ಸಾಲನ್ನು ಗುನುಗಿದರು. ಸುವರ್ಣಾ ಎಷ್ಟು ಸಲ ಎಳೆದರೂ ಮುಟ್ಟದಿದ್ದ ಮೇಲಿನ ಸ್ವರ, ನಾದಿನಿಯ ಗಂಟಲಲ್ಲಿ ಸಲೀಸಾಗಿ ಹೋಗಿ ನಿಂತಿತು. ಸುವರ್ಣಾ ಅವರ ಮೈಯೆಲ್ಲ ಉರಿಯಿತು.

"ಇಲ್ಲ ಬೇ. ಇದು ನಂದು. ನಾನ ಹಾಡ್ತೇನಿ."

ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನೂ ಮುಟ್ಟದೆ ಶೈಲಶ್ರೀ ಬಸ್ಸು ಹತ್ತಿದರು. ಚಂದ್ರಾಮ ಹೆಂಡತಿಯ ಜತೆ ಮಾತು ಬಿಟ್ಟರು. ಅಷ್ಟರಲ್ಲಿ ಆಳಂದದಲ್ಲಿ ತೊಗರಿಗೆ ರೇಟು ಬಂತು. ಚೀಲ ಒಯ್ಯಲು ಟೆಂಪೋ ಗೊತ್ತುಮಾಡಿದ್ದಾಯಿತು. ಚೀಲ ಹೋದರೆ ಖಾಲಿ ಕೋಣೆ ಗಂಯ್ ಎನ್ನುತ್ತದೆ, ರೆಕಾರ್ಡಿಂಗ್ ಆಗುವುದಿಲ್ಲ. ದಿನಾ ನಸುಕಿನಲ್ಲಿ ಸುವರ್ಣಾ ಹಾಡಿದರು. ದಿನಾ ಕಡೆಯ ಸಾಲಿನಲ್ಲಿ ದನಿ ಒಡೆಯಿತು. ಕಿವಿಯಲ್ಲಿ ನಾದಿನಿ ಗುನುಗಿದ್ದೇ ಕೂತಿತ್ತು. ಟೆಂಪೋ ಬರುವ ದಿನ ಬೆಳಗ್ಗೆ, ಸೋತು, ಆ ಸಾಲನ್ನು ಹಾಡದೆ ಸುಮ್ಮನೆ ಮಾತಾಡಿದರು, ಕಂಡಕ್ಟರನಿಗೆ ಹೇಳಿದ ಹಾಗೆ: "ಟಿಕೀಟು ಎಲ್ಲಿಗಂತ ಕೇಳಬ್ಯಾಡೊ ಅಣ್ಣಾ, ಬಸ್ಸು ಎಲ್ಲಿತನಾ ಹೋಗ್ತದೋ ಅಲ್ಲಿತನಾ ಕೊಡು." ಹಾಗೆಯೇ ಇರಲಿ ಎಂದು ಬಿಟ್ಟರು. ಚಂದ್ರಾಮ ಹೊರಗೆ ಚೀಲಕ್ಕೆ ಕೈ ಹಚ್ಚಲು ಕಾಯುತ್ತಿದ್ದರು.

ಆ ಹಾಡು ಓಡಲಿಲ್ಲ. ಯಾವ ಮೆರವಣಿಗೆಯಲ್ಲೂ ಅದನ್ನು ಹಚ್ಚುವಂತಿಲ್ಲ. ಬಹಳ ದಿನದ ಮೇಲೆ ಅಫಜಲಪುರದಿಂದ ಫೋನು ಬಂತು.

"ವೈನಿ, ಹಾಡು ಕೇಳ್ದೆ. ಅರ್ಧಕ್ಕ ಬಂದ್ ಮಾಡ್ದೆ. ಮತ್ತ ಹಚ್ಚಿದೆ."

"ಯಾಕ ಬೇ, ಚೊಲೋ ಆಗಿಲ್ಲೇನು?"

"ಚೊಲೋ ಆಗ್ಯಾದ, ಅದಕ್ಕ ಹೊಟ್ಟಿ ಉರೀತು. ಕಡೀಗಿ ಹಾಡೂದು ಬಿಟ್ಟು ಮಾತಾಡಿಯಲ್ಲ, ನಾನಾದ್ರ ಅಲ್ಲಿ ದನಿ ಏರಸೇ ಬಿಡ್ತಿದ್ದೆ. ಹಾಡು ಕೆಡ್ತಿತ್ತು."

ಅದನ್ನು ಹೇಳುವಾಗ ಸುವರ್ಣಾ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಈಗ ಅತ್ತಿಗೆ-ನಾದಿನಿ ಮತ್ತೆ ಮಾತಾಡುತ್ತಾರೆ. ಅಸೂಯೆ ಹೋಯಿತೇ ಎಂದರೆ ತಲೆ ಅಲ್ಲಾಡಿಸುತ್ತಾರೆ.

"ಎಲ್ಲಿ ಹೋಗ್ತದ್ರಿ? ಅಕೀ ಈಗೂ ದೊಡ್ಡಾಕಿ, ನಾ ಈಗೂ ಉರಕೊಳ್ತೇನಿ. ಆದ್ರ ಒಂದ್ ಸಲ ಅಕೀನೂ ಉರಕೊಂಡಾಳ." ಹೊರಗೆ ಗಿರಣಿ ಸದ್ದು ಮಾಡುತ್ತದೆ. ಸುವರ್ಣಾ ಇಯರ್‌ಫೋನ್ ಸುತ್ತಿಡುತ್ತಾರೆ. "ಮಂದಿ ಕೇಳ್ಲಿ, ಬಿಡ್ಲಿ. ಇನ್ನೊಂದ್ ಸಲ ಅಕೀಗಿ ಹಂಗ ಆಗ್ಬೇಕ್ರಿ. ನಂಗ ಅಷ್ಟ ಸಾಕು."