ಮುಂಜಾನೆಯ ಮಾಸ್ತರು, ಮಧ್ಯಾಹ್ನದ ಮಾಸ್ತರು

ನಮ್ಮ ಮಾಸ್ತರರ ಬಲಗಿವಿಯ ಮೇಲಿನ ಕೂದಲು ದಿನಾ ಬೆಳ್ಳಗಾಗುತ್ತಿತ್ತು. ವಯಸ್ಸಾಗಿ ಅಲ್ಲ, ಸೀಮೆಸುಣ್ಣ ಮೆತ್ತಿಕೊಂಡು. ಕಪ್ಪುಹಲಗೆಯನ್ನು ಅವರು ಬಟ್ಟೆಯಿಂದ ಒರೆಸಿದವರೇ ಅಲ್ಲ. ಅಂಗೈಯಿಂದ ಒರೆಸುವುದು, ಮುಂದಿನ ಮಾತು ಹುಡುಕುತ್ತ ಅದೇ ಕೈಯಿಂದ ಕಿವಿಯ ಮೇಲೆ ತೀಡಿಕೊಳ್ಳುವುದು. ಸಂಜೆ ತೀನ್ ಕಂದೀಲ್ ಚೌಕ ದಾಟಿ ನಡೆದು ಹೋಗುವಾಗ ಕಂಡವರು ಅವರಿಗೆ ಅರವತ್ತು ಅನ್ನಬೇಕು. ಮುಂಜಾನೆ ಕಾಲೇಜಿಗೆ ಬರುವಾಗ ನೋಡಿದರೆ ನಲವತ್ತೈದೂ ಆಗಿರಲಿಕ್ಕಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಕಡೆಗೆ ಹೊಸ ವಿಶ್ವವಿದ್ಯಾಲಯ ಬಂದಿತ್ತು, ರಾಯಚೂರಿನ ನಮ್ಮ ಕಾಲೇಜಿನ ಬಿ.ಎ.ಯಲ್ಲಿ ಅಪರಾಧಶಾಸ್ತ್ರ, ಸಮಾಜಶಾಸ್ತ್ರ ಎರಡನ್ನೂ ಕೂಡಿಸಿ ಓದಬಹುದಿತ್ತು. ಎರಡಕ್ಕೂ ಬೇರೆ ಬೇರೆ ಮಾಸ್ತರರು ಇರಬೇಕಾಗಿತ್ತು. ಆದರೆ ಒಂದು ಹುದ್ದೆ ತುಂಬಲೇ ಇಲ್ಲ. ಹೀಗಾಗಿ ಮುಂಜಾನೆ ಅಪರಾಧಶಾಸ್ತ್ರ ಹೇಳಿದವರೇ ಮಧ್ಯಾಹ್ನ ಅದೇ ಕೋಣೆಗೆ ಸಮಾಜಶಾಸ್ತ್ರ ಹೇಳಲು ಬರುತ್ತಿದ್ದರು. ಬಂದವರೇ, ಯಾರೋ ಪರಿಚಯದವರನ್ನು ವಿಚಾರಿಸಿದ ಹಾಗೆ ಕೇಳುತ್ತಿದ್ದರು: "ಮುಂಜಾನಿ ಬಂದಿದ್ದ ಮಾಸ್ತರು ಏನು ಹೇಳಿದರ್ರಿ? ಹೌದಾ? ಛಲೋ ಮನಶ್ಯಾ ಅದಾನ. ಆದ್ರ ಆತಗ ಅರ್ಧ ಅಷ್ಟ ತಿಳದದ."

ಆಮೇಲೆ ಬೆಳಗಿನ ಪಾಠದ ತಪ್ಪು ತೆಗೆಯುವ ಕೆಲಸ. ಕಳ್ಳತನ ಅಂದರೇನು, ಅದಕ್ಕೆ ಶಿಕ್ಷೆ ಏನು ಅಂತ ಮುಂಜಾನೆಯ ಮಾಸ್ತರು ಬರೆಸಿದ್ದರೆ, ಕಳ್ಳನ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತಿತ್ತೋ ಇಲ್ಲವೋ ಅಂತ ಮಧ್ಯಾಹ್ನದ ಮಾಸ್ತರು ಕೇಳುತ್ತಿದ್ದರು. ಮರುದಿನ ಬೆಳಿಗ್ಗೆ ಬಂದು, "ನಿನ್ನೆ ಮಧ್ಯಾಹ್ನ ಬಂದಾವ ಭಾಳ ಕರುಳಿನ ಮನಶ್ಯಾ. ಕಳವು ಆದ ಮನಿಯವರನ್ನ ಮರತಬಿಟ್ಟಾನ" ಅಂತ ಇನ್ನೊಂದು ತಕರಾರು. ಈ ಇಬ್ಬರ ಜಗಳದಲ್ಲಿ ನಾವು ಪಾಸಾದೆವು.

ಅವರು ಮದುವೆಯಾಗಿರಲಿಲ್ಲ. ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಊರಿನಲ್ಲಿ, ಕೃಷ್ಣೆಯ ದಂಡೆಗೆ, ತಾಯಿಯೊಬ್ಬಳಿದ್ದಳಂತೆ. ಆಕೆ ತೀರಿಕೊಂಡ ಮೇಲೆ ಊರಿನ ಕಡೆ ಹೋಗುವುದೂ ನಿಂತಿತ್ತು. ಮದುವೆಯ ಮಾತು ತೆಗೆದವರಿಗೆ, "ಮೊದಲ ಇಬ್ರು ಮಾಸ್ತರು ಅದೀವಿ. ಆಕೀಗಿ ಜಾಗ ಎಲ್ಲಿ ಮಾಡ್ಲಿ?" ಅನ್ನುತ್ತಿದ್ದರು. ಸಂಜೆ ರೈಲ್ವೆ ಸ್ಟೇಷನ್ನಿಗೆ ಹೋಗಿ ಮದ್ರಾಸ್ ಕಡೆಯ ಮೇಲ್ ಗಾಡಿ ಬರುವುದನ್ನು ಕಾಯುವುದು ಅವರ ಚಾಳಿ. ಗಾಡಿ ಬಂದು, ನಿಂತು, ಹೋದ ಮೇಲೆ ಒಬ್ಬರೇ ಹೊರಗೆ ಬರುತ್ತಿದ್ದರು. ಯಾರು ಬರುವವರಿದ್ದರು ಅಂತ ಹುಡುಗನೊಬ್ಬ ಕ್ಲಾಸಿನಲ್ಲಿ ತಮಾಷೆಗೆ ಕೇಳಿದ.

"ಯಾರೂ ಇಲ್ಲೋ. ಇಳಿಯೋರ ಮಾರಿ ನೋಡಾಕ ಹೋಗಿರ್ತೀನಿ. ಕರಿಯಾಕ ಬಂದವರು ಕಣ್ಣಿಗಿ ಬಿದ್ದಕೂಡ್ಲೆ ಆ ಮಾರಿ ಹೆಂಗ ಆಗ್ತಾವ, ಒಮ್ಮೆ ಹೋಗಿ ನೋಡು."

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ. ಇಡೀ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ, ಮಾನ್ವಿ ತಾಲ್ಲೂಕಿನ ಮಲ್ಲಟದ ಕುರಿ ಕಾಯುವವರ ಮನೆಯವಳು. ಹುಡುಗರೆಲ್ಲ ಹೆಗಲ ಮೇಲೆ ಪಿ.ಎಸ್.ಐ. ನಕ್ಷತ್ರ ಬರಲೆಂದು ಈ ವಿಷಯ ತೆಗೆದುಕೊಂಡಿದ್ದರು. ನನ್ನನ್ನು ಕೇಳಿದರೆ "ಸುಲಭ ಅದ ಅಂತ ತಗೊಂಡೀನಿ" ಅನ್ನುತ್ತಿದ್ದೆ. ಕಾರಣ ಬೇರೆಯೇ ಇತ್ತು. ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪ ಒಬ್ಬ ಮನುಷ್ಯನನ್ನು ಕೊಂದು ಜೈಲಿಗೆ ಹೋಗಿದ್ದ. ನಮ್ಮ ಕುರಿಗಳು ಎದುರು ಮನೆಯವರ ಬಿಳಿಜೋಳದ ಹೊಲಕ್ಕೆ ಬಿದ್ದಿದ್ದವು. ಮಾತಿಗೆ ಮಾತು ಬೆಳೆಯಿತು, ಅಪ್ಪ ಕೈಯಲ್ಲಿದ್ದ ಬಡಿಗೆ ಬೀಸಿದ, ಆ ಮನೆಯ ಮಗ ಸತ್ತ. ಅವರು ನಮ್ಮ ಕುಲದವರೇ, ದಿನಾ ಮುಖ ನೋಡುವವರೇ. ಹುಟ್ಟಿದ ಕುರಿಮರಿಯನ್ನು ಕಂಬಳಿಯಲ್ಲಿ ಸುತ್ತಿ ತರುತ್ತಿದ್ದ ಅಪ್ಪ ಇದನ್ನು ಹೇಗೆ ಮಾಡಿದ ಅನ್ನುವುದು ಯಾವುದಾದರೂ ಪುಸ್ತಕದಲ್ಲಿ ಇರಬೇಕು ಅಂದುಕೊಂಡು ನಾನು ಓದಲು ಬಂದಿದ್ದೆ.

ಎರಡನೆಯ ವರ್ಷ. ಮುಂಜಾನೆಯ ಮಾಸ್ತರು ಬರೆಸುತ್ತಿದ್ದರು: "ಶಿಕ್ಷೆಯ ಅವಧಿ ಮುಗಿದ ದಿನ ಅಪರಾಧಿಯು ಸ್ವತಂತ್ರನು." ನನ್ನ ಪೆನ್ನು ನಿಂತಿತು.

"ಯಾಕವಾ, ಬರಿಯಾಕತ್ತಿಲ್ಲ?"

"ಸುಳ್ಳು ಅದರಿ ಸರ."

"ಯಾವುದು ಸುಳ್ಳು?"

"ನಮ್ಮಪ್ಪ ಜೈಲಿನಿಂದ ಬಂದು ವರ್ಷದ ಮ್ಯಾಲಾತು. ಇನ್ನೂ ಕುರಿದೊಡ್ಡ್ಯಾಗ ಒಬ್ಬನ ಉಣ್ಣಾಕತ್ತಾನ."

ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಮುಂದೆ ಪೊಲೀಸರಾಗುವ ಹುಡುಗರೆಲ್ಲ ಒಟ್ಟಿಗೆ ಹಿಂದೆ ತಿರುಗಿ ನೋಡಿದರು. ಮಾಸ್ತರು ಕಿವಿಯ ಮೇಲೆ ತೀಡಿಕೊಂಡರು, ಪಾಠ ಅಲ್ಲಿಗೇ ಬಿಟ್ಟು ಹೋದರು. ಆ ಮಧ್ಯಾಹ್ನ ಸಮಾಜಶಾಸ್ತ್ರಕ್ಕೂ ಬರಲಿಲ್ಲ.

ಸುದ್ದಿ ನನಗಿಂತ ಮೊದಲೇ ಹಾಸ್ಟೆಲ್ ಮುಟ್ಟಿತ್ತು. ನನ್ನ ಕೋಣೆಯ ಹುಡುಗಿ ತನ್ನ ಟ್ರಂಕನ್ನು ಪಕ್ಕದ ಕೋಣೆಗೆ ಎಳೆದುಕೊಂಡು ಹೋದಳು. ಬೈಯಲಿಲ್ಲ, ಜಗಳವಾಡಲಿಲ್ಲ, "ಇಲ್ಲಿ ಗಾಳಿ ಆಡಾಂಗಿಲ್ಲ" ಅಂದಳು, ಅಷ್ಟೇ. ಊಟದ ಸಾಲಿನಲ್ಲಿ ನನ್ನ ಎರಡೂ ಕಡೆ ಜಾಗ ಖಾಲಿ ಉಳಿಯತೊಡಗಿತು. ಅಪ್ಪನಿಗೆ ಹೇಗಾಗುತ್ತಿರಬಹುದು ಅಂತ ಆಗ ನನಗೆ ತಿಳಿಯಿತು, ಓದು ಸಾಕು ಅನ್ನಿಸಿತು. ಟಿ.ಸಿ. ಕೊಡಿಸಿ, ಊರಿಗೆ ಹೋಗುತ್ತೇನೆ ಅಂತ ಕೇಳಲು ಮಾಸ್ತರರ ಬಳಿ ಹೋದೆ.

ಟಿ.ಸಿ. ವಿಷಯ ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. "ಅಪ್ಪನ್ನ ಒಳಗ ಕರಕೋಬೇಕಂದ್ರ ನಿಮ್ಮ ಮಂದ್ಯಾಗ ಏನು ಪದ್ಧತಿ ಅದ?" ಅಂತ ಕೇಳಿದರು.

ಹೇಳಿದೆ. ಜೈಲು ಕಂಡು ಬಂದವನ ಗಂಗಾಳದಲ್ಲಿ ಮೊದಲು ಹೊರಗಿನವರೊಬ್ಬರು, ರಕ್ತಸಂಬಂಧ ಇಲ್ಲದವರು, ಹಗಲಿನಲ್ಲಿ ಓಣಿಯ ಮುಂದೆ ಕೈ ಹಾಕಿ ಉಣ್ಣಬೇಕು. ಆಮೇಲೆ ಕುಲದವರು ಜೊತೆಗೆ ಕೂರುತ್ತಾರೆ. ಮಗಳಾದ ನಾನು ಉಂಡರೆ ನಡೆಯುವುದಿಲ್ಲ, ಅವ್ವ ಉಂಡರೂ ನಡೆಯುವುದಿಲ್ಲ. ಸತ್ತವನ ತಾಯಿ ಎದುರಿಗೇ ಬಾಗಿಲಲ್ಲಿ ಕೂತಿರುವಾಗ ಹೊರಗಿನವರು ಯಾರೂ ಮುಂದೆ ಬಂದಿರಲಿಲ್ಲ.

"ಐತವಾರ ನಾ ಬರ್ತೀನಿ" ಅಂದರು. ನಾನು ಮಾತಿಗೆ ಅಂದಿದ್ದಾರೆ ಅಂದುಕೊಂಡೆ.

ಭಾನುವಾರ ಮಾನ್ವಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಮಲ್ಲಟಕ್ಕೆ ಬಂದೆವು. ಓಣಿಯಲ್ಲಿ ಮಂದಿ ಕೂಡಿದರು. ಹಿರಿಯರೊಬ್ಬರು, "ಸರ್ರು ಯಾವ ಪೈಕಿ ಆಗ್ತೀರಿ?" ಅಂತ ಕುಲ ಕೇಳಿದರು. "ಗೂಗಲ್ ಪೈಕಿ" ಅಂದರು ಮಾಸ್ತರು. ಕೇಳಿದ್ದು ಅವರಿಗೆ ತಿಳಿದಿದೆ, ಹೇಳುವುದಿಲ್ಲ ಅನ್ನುವುದು ಹಿರಿಯರಿಗೂ ತಿಳಿಯಿತು. ಅವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡಿದಳು. ದೊಡ್ಡಿಯ ಮುಂದೆ ಅಪ್ಪ ಗಂಗಾಳ ಹಿಡಿದು ತಲೆ ಬಗ್ಗಿಸಿ ಕೂತಿದ್ದ. ಮಾಸ್ತರು ಅತ್ತ ಹೋಗಲಿಲ್ಲ. ಹೊರಳಿ ಎದುರು ಮನೆಗೆ, ಸತ್ತವನ ತಾಯಿಯ ಕಡೆಗೆ ನಡೆದರು.

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೂರ ಬಂದು ಎಲ್ಲ ಹಾಳು ಮಾಡಿದರಲ್ಲ ಅಂತ ಹಲ್ಲು ಕಚ್ಚಿದೆ. ಅವರು ಆಕೆಯ ಮುಂದೆ ನೆಲಕ್ಕೆ ಕೂತರು.

"ಯವ್ವಾ, ನಾ ಆ ಮನ್ಯಾಗ ಉಣ್ಣಾಕ ಬಂದೀನಿ. ನಿನ್ನ ಕೇಳದ ಕೈ ಹಾಕೂದು ಸರಿ ಅನಿಸಲಿಲ್ಲ."

ಮುದುಕಿ ತಲೆ ಎತ್ತಿದಳು. "ನನ್ನ ಮಗನ್ನ ಹೊಡದಾನಪ್ಪಾ ಆತ. ಹೂಂ ಅನ್ನು ಅಂದ್ರ ಅನ್ನಾಂಗಿಲ್ಲ ನಾ."

"ಬ್ಯಾಡ ಅಂದ್ರ ಹೊಳ್ಳಿ ಹೋಗ್ತೀನಿ. ಇವತ್ತ ಹೋಗ್ತೀನಿ."

ಆಕೆ ಗೋಡೆ ಹಿಡಿದು ಎದ್ದಳು. "ಬ್ಯಾಡ ಅಂತನೂ ಅನ್ನಾಂಗಿಲ್ಲ. ನಾ ನೋಡಾಂಗಿಲ್ಲ ಅಷ್ಟ." ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಮಗ ಸತ್ತಂದಿನಿಂದ ಹಗಲಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಓಣಿಯವರು ಕಂಡಿರಲಿಲ್ಲ.

ಮಾಸ್ತರು ಬಂದು ಅಪ್ಪನ ಎದುರು ಚಕ್ಕಳಮಕ್ಕಳ ಹಾಕಿ ಕೂತರು, ಗಂಗಾಳದಲ್ಲಿದ್ದ ರೊಟ್ಟಿ ಮುರಿದರು, ಪಲ್ಯ ಹಚ್ಚಿಕೊಂಡು ತಿಂದರು. ಅಪ್ಪನ ತುತ್ತು ಬಾಯಿಗೆ ಹೋಗಲೊಲ್ಲದು. ಕಣ್ಣೀರು ಗಂಗಾಳಕ್ಕೇ ಬೀಳುತ್ತಿತ್ತು.

"ಉಣ್ರಿ" ಅಂದರು ಮಾಸ್ತರು. "ನಂಗೂ ಒಬ್ಬಾವ ಉಂಡು ಉಂಡು ಸಾಕಾಗಿ ಹೋಗ್ಯಾದ."

ಆಗ ಅಪ್ಪ ಉಂಡ. ಸಂಜೆ ಹೊತ್ತಿಗೆ ದೊಡ್ಡಪ್ಪ ಬಂದು ಪಕ್ಕದಲ್ಲಿ ಕೂತ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಎದುರು ಮನೆಯ ಮುದುಕಿ ಸಾಯುವವರೆಗೂ ಅಪ್ಪನೊಡನೆ ಮಾತಾಡಲಿಲ್ಲ, ಅದನ್ನು ಅಪ್ಪನೂ ತಪ್ಪೆನ್ನಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ನಾನು ಸಿಟ್ಟಿನಿಂದಲೇ ಕೇಳಿದೆ, ಆಕೆ ಬೇಡ ಅಂದಿದ್ದರೆ ಏನು ಮಾಡುತ್ತಿದ್ದಿರಿ ಅಂತ.

"ಹೊಳ್ಳಿ ಬರ್ತಿದ್ದೆ. ಆಕಿ ಮನ್ಯಾಗೂ ಒಂದು ಗಂಗಾಳ ಖಾಲಿ ಅದ ಅಲ್ಲವಾ."

ಮರುದಿನ ಅವರು ಮುಂಜಾನೆಯ ಪಾಠಕ್ಕೆ ಬಂದು, ಮೊನ್ನೆ ಬರೆಸಿದ ಸಾಲನ್ನು ಹೊಡೆದುಹಾಕಲು ಹೇಳಿದರು. ಬದಲಿಗೆ ಏನು ಬರೆಯಬೇಕು ಅಂತ ಹುಡುಗರು ಕೇಳಿದರು. "ಇನ್ನೂ ಗೊತ್ತಿಲ್ಲ, ಜಾಗ ಬಿಟ್ಟಿರ್ರಿ" ಅಂದರು. ನಾನು ಟಿ.ಸಿ. ಮಾತು ಮತ್ತೆ ಎತ್ತಲಿಲ್ಲ. ಓದು ಮುಗಿಸಿ ಪ್ರೊಬೇಷನ್ ಅಧಿಕಾರಿಯಾದೆ, ಜೈಲಿನಿಂದ ಬಂದವರ ಊರಿಗೆ ಹೋಗುವುದೇ ನನ್ನ ನೌಕರಿಯಾಯಿತು. ಎಲ್ಲಿ ಹೋದರೂ ಮೊದಲು ಎದುರು ಮನೆಗೆ ಹೋಗುತ್ತೇನೆ.

ಆ ದಶಕದ ಕೊನೆಯಲ್ಲಿ ಮಾಸ್ತರು ತಮ್ಮ ಬಾಡಿಗೆ ಕೋಣೆಯಲ್ಲಿ ತೀರಿಕೊಂಡರು. ಎದೆನೋವು ಅಂದರು. ನಾನು ಕೆಲಸದ ಮೇಲೆ ಬೇರೆ ಜಿಲ್ಲೆಯಲ್ಲಿದ್ದೆ, ಸುದ್ದಿ ತಡವಾಗಿ ಮುಟ್ಟಿತು, ಅಷ್ಟರಲ್ಲಿ ಊರು ಗೂಗಲ್‌ಗೆ ಒಯ್ದಿದ್ದರಂತೆ. ಅವರಿಗೆ ಯಾರು ಮಣ್ಣು ಕೊಟ್ಟರೋ, ಯಾರಾದರೂ ಅತ್ತರೋ ಅಂತ ದಾರಿಯುದ್ದಕ್ಕೂ ಅದೇ ಸಂಕಟ. ಒಬ್ಬಳೇ ಗೂಗಲ್‌ಗೆ ಹೋಗುವ ಧೈರ್ಯ ಬಾರದೆ, ಅಪ್ಪನನ್ನು ಕರೆದುಕೊಂಡು ಹೋಗೋಣವೆಂದು ಮಲ್ಲಟಕ್ಕೆ ಇಳಿದೆ.

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಮೊದಲಿಗೆ ಗುರುತೇ ಸಿಗಲಿಲ್ಲ. ತಲೆ ಬೋಳಿಸಿದ್ದ, ಮೀಸೆ ತೆಗೆಸಿದ್ದ. ನಮ್ಮಲ್ಲಿ ಒಡಹುಟ್ಟಿದವರು ಸತ್ತರೆ ಮಾತ್ರ ಹಾಗೆ ಮಾಡಿಸಿಕೊಳ್ಳುತ್ತಾರೆ. ದೊಡ್ಡಪ್ಪನಿಗೆ ಏನಾಯಿತು ಅಂತ ಕೇಳಿದೆ.

"ಗೂಗಲ್‌ಗಿ ಹೋಗಿದ್ದೆವಾ" ಅಂದ ಅಪ್ಪ. "ಹೊಳಿ ದಂಡಿಗಿ ಎಲ್ಲಾ ಮುಗಿಸಿ ಬಂದೀನಿ."

ನನಗೆ ಅಳು ಒತ್ತರಿಸಿ ಬಂತು. "ಯಪ್ಪಾ, ಅವರು ನಮ್ಮ ರಕ್ತದವರಲ್ಲಲ್ಲೋ" ಅಂದೆ.

"ಹೌದವಾ" ಅಂದ. "ಉಣ್ಣಾಕ ಕುಂತಾಗ ರಕ್ತದವರಾಗಿರಲಿಲ್ಲ. ಎದ್ದಾಗ ಆಗಿದ್ರು."