ಅವ್ವ ಹಿಡಿದ ಫೈಬರ್ ಬಂದೂಕು

ತೆಲಂಗಾಣದ ಗದ್ವಾಲದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಆಟದ ಟೀಚರು. ಹೋದ ವರ್ಷ ಗುರಿ ಹೊಡೆಯುವುದನ್ನು ಕಲಿಸಲು ನಮಗೆ ಎರಡು ಗಾಳಿ ಬಂದೂಕುಗಳು ಬಂದವು. ಹೆಗಲಿಗೆ ಆನಿಸುವ ಭಾಗ ಕಟ್ಟಿಗೆಯದಲ್ಲ, ಕರಿ ಫೈಬರಿನದು. ಏಳನೇ ತರಗತಿಯ ಹುಡುಗಿಯೂ ಸಲೀಸಾಗಿ ಎತ್ತಬಹುದು. ಫೋನಿನಲ್ಲಿ ಅಪ್ಪನಿಗೆ ಸುದ್ದಿ ಹೇಳಿದ್ದೇ ತಡ, ಮುಂದಿನ ಭಾನುವಾರ ಅವ್ವನನ್ನೂ ಕರೆದುಕೊಂಡು ಮಕ್ತಲದಿಂದ ಬಂದೇಬಿಟ್ಟ.

ಅಪ್ಪ ಇಪ್ಪತ್ತೆಂಟು ವರ್ಷ ಮಕ್ತಲದ ಬ್ಯಾಂಕೊಂದರ ಬಾಗಿಲಲ್ಲಿ ಜೋಡಿ ನಳಿಗೆಯ ಬಂದೂಕು ಹಿಡಿದು ನಿಂತವನು. ಬಂದೂಕು ಅವನದೇ, ಲೈಸೆನ್ಸೂ ಅವನದೇ. ಅವ್ವ ಕಸ ಗುಡಿಸುವಾಗ ಅದರ ಪೆಟ್ಟಿಗೆ ಸರಿಸಲು ಹೋದರೂ "ಭಾರ ಐತಿ, ನಿನಗ ಆಗಂಗಿಲ್ಲ ಬಿಡು" ಎನ್ನುತ್ತಿದ್ದ. ನಮ್ಮಪ್ಪ ಮೂವರು ಕಳ್ಳರನ್ನು ಹೊಡೆದು ಕೆಡವಿದ್ದಾನೆಂದು ಚಿಕ್ಕವಳಿದ್ದಾಗ ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗಿದ್ದೆ. ಕೆಲಸ ಬಿಟ್ಟ ಮೇಲೆ ಅಪ್ಪ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದ.

ಶಾಲೆಯ ಹಿಂದಿನ ಶೆಡ್ಡಿನಲ್ಲಿ ಹೊಸ ಬಂದೂಕನ್ನು ಕೈಗೆ ತೆಗೆದುಕೊಂಡವನೇ ಅಪ್ಪ ನಕ್ಕುಬಿಟ್ಟ. "ಏನವ್ವಾ ಇದು, ಬಕೀಟ ಕರಗಿಸಿ ಮಾಡ್ಯಾರೇನು?"

"ಗಟ್ಟಿ ಐತಪ್ಪಾ. ಹೊಡದು ನೋಡು."

ಭಾರದ ಬಂದೂಕಿಗೆ ಒಗ್ಗಿದ ಕೈ ಇದನ್ನು ಬೇಕಾದ್ದಕ್ಕಿಂತ ಮೇಲೆತ್ತಿತು. ಗುಂಡು ಗುರಿಯ ಕಾಗದಕ್ಕೆ ತಾಗದೆ ಮೇಲಿಂದ ಹಾರಿ ಹಿಂದಿನ ಮರಳಿನ ಚೀಲಕ್ಕೆ ಹೊಕ್ಕಿತು. ಅಭ್ಯಾಸಕ್ಕೆ ಬಂದಿದ್ದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಅಪ್ಪನ ಕೆಲಸದ ಬಗ್ಗೆ ನನ್ನಿಂದ ಕೇಳಿದ್ದ ಒಬ್ಬಳು ಧೈರ್ಯ ಮಾಡಿ ತೆಲುಗಿನಲ್ಲಿ ಕೇಳಿಯೇಬಿಟ್ಟಳು: ತಾತಾ, ನೀವು ಬ್ಯಾಂಕಿನಲ್ಲಿ ಎಷ್ಟು ಜನ ಕಳ್ಳರನ್ನು ಹೊಡೆದಿದ್ದೀರಿ?

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಒಬ್ಬರಿಗೂ ಇಲ್ಲವ್ವಾ. ಅಷ್ಟು ವರ್ಷದಾಗ ಒಂದ ಗುಂಡೂ ಹಾರಿಸಿಲ್ಲ. ಹಾರಿಸೋ ಪಾಳಿ ಬರದಿರಲಿ ಅಂತ ದಿನಾ ಕೈ ಮುಗದು ನಿಲ್ಲತಿದ್ದೆ."

ನನಗೆ ನಗು ಬರಲಿಲ್ಲ. ದಿನವಿಡೀ ನಿಂತು ಬಂದು, ಸಂಜೆ ಹೆಗಲು ತಿಕ್ಕಿಕೊಳ್ಳುತ್ತ ನಮ್ಮ ಜೊತೆ ಚೌಕಾಬಾರ ಆಡುತ್ತಿದ್ದ ಅಪ್ಪನ ಮೇಲೆ ಮೊದಲಿಗಿಂತ ಹೆಚ್ಚು ಅಭಿಮಾನವೇ ಹುಟ್ಟಿತು. ಅವ್ವನಿಗೆ ಮಾತ್ರ ಇದೆಲ್ಲ ಮೊದಲೇ ಗೊತ್ತಿತ್ತು. ಅವಳ ಕಣ್ಣು ಬಂದೂಕಿನ ಮೇಲಿತ್ತು.

"ನಾನೊಂದ ಸಲ ಹಿಡೀಲೇನ್ರೀ?"

ಅಪ್ಪ ಈ ಸಲ ಬೇಡವೆನ್ನಲಿಲ್ಲ. ಪಕ್ಕದಲ್ಲಿ ನಿಂತು, "ಉಸಿರು ಅರ್ಧಾ ಬಿಟ್ಟು ನಿಲ್ಲಸು. ಮೆತ್ತಗ ಒತ್ತು, ಜಗ್ಗಬ್ಯಾಡ" ಎಂದು ಹೇಳಿಕೊಟ್ಟ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದು ಕಣ್ಣು ಮುಚ್ಚಿದಳು. ಟಪ್ಪೆಂದಿತು. ನಡುವಿನ ಕರಿ ವೃತ್ತದ ಅಂಚಿಗೆ ಸಣ್ಣ ತೂತು ಬಿದ್ದಿತ್ತು. ಹುಡುಗಿಯರು ಕೂಗಿ ಕುಣಿದರು.

"ಭಾರ ಐತಿ, ಭಾರ ಐತಿ ಅಂತ ಇಷ್ಟು ವರ್ಷ ಹೆದರಿಸಿದಿರಿ!" ಎಂದಳು ಅವ್ವ.

"ಅದು ಖರೇನ ಭಾರ ಇತ್ತಲೇ!" ಎಂದ ಅಪ್ಪ. ತಾನೇ ಹೋಗಿ ಆ ಕಾಗದವನ್ನು ಬಿಚ್ಚಿಕೊಂಡು ಬಂದ.

ಸಂಜೆ ಅವರನ್ನು ಬಸ್ಸು ಹತ್ತಿಸಲು ಹೋಗಿದ್ದೆ. ಬಸ್ಸು ಹೊರಡುವಾಗ ಅಪ್ಪ ಆ ಕಾಗದವನ್ನು ಕಂಡಕ್ಟರನ ಮುಂದೆ ಹಿಡಿದು "ನಮ್ಮಾಕಿ ಹೊಡದದ್ದು ನೋಡ್ರಿ" ಎನ್ನುತ್ತಿದ್ದ. ಅವ್ವ ನಾಚಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದಳು.