ಎರಡು ಗುಂಡಿನ ಸದ್ದಿಗೆ

ಶಾಲೆಯ ಮಾಸ್ತರನಾಗಿ ಈ ಬೆಟ್ಟದೂರು ಕಕ್ಕಬೆಗೆ ಬಂದ ಮೊದಲ ವಾರ, ಬೆಳಗಿನ ಚಹಾ ಕುಡಿಯುತ್ತಿದ್ದಾಗ ಕೋವಿಯ ಸದ್ದು ಕೇಳಿಸಿತು, ಬೆನ್ನಿಗೇ ಇನ್ನೊಂದು. ಬಾಗಿಲು ಹಾಕಿ ಅಗಳಿ ಜಡಿದೆ. ಬಾಡಿಗೆ ಮನೆಯ ಯಜಮಾನ ಪೂವಯ್ಯ ಹೊರಗಿನಿಂದಲೇ ನಕ್ಕರು.

"ಹೆದರ್ಬೇಡಿ ಮಾಸ್ಟ್ರೇ, ನಿಮಗೋಸ್ಕರ ಯಾರೂ ತೋಟಾ ಹಾಳು ಮಾಡಲ್ಲ. ಯಾರೋ ತೀರಿಹೋದ್ರು, ಅಷ್ಟೆ."

ನಮ್ಮ ಧಾರವಾಡದಲ್ಲಿ ಸಾವಿನ ಸುದ್ದಿ ಹೇಳಲು ಒಬ್ಬ ಮನೆಮನೆಗೆ ಅಲೆಯುತ್ತಾನೆ. ಇಲ್ಲಿ ಗುಡ್ಡಕ್ಕೊಂದು ಮನೆ. ಆದ್ದರಿಂದ ಎರಡು ಗುಂಡು. ಕೇಳಿಸಿದ ಪ್ರತಿ ಮನೆಯಿಂದ ಒಬ್ಬ ಗಂಡಸು ಹೊರಡಲೇಬೇಕು, ಜಗಳವಿದ್ದರೂ.

"ಏನ್ರೀ, ನಾವು ಸತ್ತರ ನಮಗೂ ಹಾರಸ್ತಾರೇನು?" ಎಂದು ನನ್ನ ಹೆಂಡತಿ ಶಾಂತಾ ನಕ್ಕಿದ್ದಳು.

ಮರುವರ್ಷ ಸಿಡುಬು ಬಂತು. ಅದಕ್ಕೂ ಮೊದಲು ಹೆದರಿಕೆ ಬಂದಿತ್ತು. ಅಂಗಡಿಯವನು ಉಪ್ಪಿನ ಪೊಟ್ಟಣವನ್ನು ಕೋಲಿನ ತುದಿಗೆ ಸಿಕ್ಕಿಸಿ ಕೊಡುತ್ತಿದ್ದ. ಕಾಯಿಲೆಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಕಾಲೇಜು ಓದಿದವನೆಂಬ ಬಿಗುಮಾನದಲ್ಲಿ ನಾನು ಶಾಲೆಯಲ್ಲಿ ಹೇಳಿದೆ: ಚುಚ್ಚುಮದ್ದು ಹಾಕಿಸಿಕೊಳ್ಳಿ, ರೋಗಿಯಿರುವ ಮನೆಯ ಹತ್ತಿರ ಸುಳಿಯಬೇಡಿ. ಮಕ್ಕಳು ಅದನ್ನು ಊರಿಗೆಲ್ಲ ಮುಟ್ಟಿಸಿದರು.

ಅದೇ ಕಾಯಿಲೆಯಿಂದ ಶಾಂತಾ ತೀರಿಹೋದ ಬೆಳಿಗ್ಗೆ ಪೂವಯ್ಯ ಕೋವಿ ತೆಗೆದರು. ಅವರ ಹೆಂಡತಿ ಕಾವೇರಮ್ಮ ಅಡ್ಡ ನಿಂತರು.

"ಬೇಡ. ಕೇಳಿದೋರೆಲ್ಲ ಬರ್ಬೇಕಾಗ್ತದೆ. ಎಲ್ಲರ ಮನೆಗೂ ಕಾಯಿಲೆ ಕಳಿಸ್ತೀರಾ?"

"ಹಾರಿಸದಿದ್ರೆ ಆ ಹುಡುಗಿ ನಮ್ಮೂರಲ್ಲಿ ಇರಲೇ ಇಲ್ಲ ಅಂದ ಹಾಗಾಗ್ತದೆ."

ಎರಡೂ ಹಾರಿದವು.

ಕಾದೆವು. ಗದ್ದೆಯಾಚೆ ಒಬ್ಬೊಬ್ಬರಾಗಿ ಗಂಡಸರು ಬಂದು ಬದುವಿನ ಮೇಲೆ ನಿಂತರು. ಒಬ್ಬರೂ ದಾಟಿ ಬರಲಿಲ್ಲ. ಬಿದಿರು, ಸೌದೆ ಕಡಿದು ಅಲ್ಲೇ ಒಟ್ಟಿದರು. ತಲೆಯ ಬಟ್ಟೆ ತೆಗೆದು ಸ್ವಲ್ಪ ಹೊತ್ತು ನಿಂತು ಹಿಂದಿರುಗಿದರು. ಚಿಕ್ಕಂದಿನಲ್ಲೇ ಸಿಡುಬು ಬಂದುಹೋಗಿದ್ದ ಪೂವಯ್ಯ ಚಟ್ಟದ ಒಂದು ತುದಿ ಹಿಡಿದರು, ಇನ್ನೊಂದು ನಾನು.

ಗದ್ದೆಯಾಚೆ ನಿಂತವರನ್ನು ತಡೆದದ್ದು ಭಯವೋ, ನನ್ನ ಪಾಠವೋ? ಒಮ್ಮೊಮ್ಮೆ ನಾನೇ ಅಂಗಳದಿಂದ ಕೈಯೆತ್ತಿ "ಬರಬೇಡಿ" ಎಂದು ಕೂಗಿದಂತೆ ನೆನಪು. "ನೀವು ಬಾಯೇ ಬಿಡ್ಲಿಲ್ಲ ಮಾಸ್ಟ್ರೇ" ಎನ್ನುತ್ತಾರೆ ಪೂವಯ್ಯ. ನನ್ನ ಸಮಾಧಾನಕ್ಕೆ ಹಾಗೆ ಹೇಳುತ್ತಾರೋ ಏನೋ. ಅಂದು ಬದುವಿನ ಮೇಲೆ ನಿಂತವರು ಆ ಮಾತೆತ್ತುವುದಿಲ್ಲ. ಬಾಳೆಗೊನೆ ತಂದು ನನ್ನ ಜಗಲಿಯಲ್ಲಿಟ್ಟು ಹೋಗುತ್ತಾರೆ.

ಊರಿಗೆ ಬಂದುಬಿಡು ಎಂದು ಧಾರವಾಡದಿಂದ ನೀವೆಲ್ಲ ಬರೆಯುತ್ತೀರಿ. ದೀಪಾವಳಿಗೆ ಬಂದಿದ್ದೆನಲ್ಲ. ಓಣಿಯಲ್ಲಿ ಎರಡು ಪಟಾಕಿ ಒಂದರ ಬೆನ್ನಿಗೊಂದು ಸಿಡಿದಾಗ ಊಟದಿಂದೆದ್ದು ಚಪ್ಪಲಿ ಮೆಟ್ಟಿದೆ. "ಎಲ್ಲಿಗೆ ಹೊಂಟಿಯೋ?" ಎಂದಳು ಅಕ್ಕ. ಇಲ್ಲಿಯೂ ಕೋವಿ ಕೇಳಿದಾಗ ಹೊರಡುತ್ತೇನೆ. ಆ ಮನೆಯ ಗದ್ದೆಯ ಬದುವಿನವರೆಗೆ ಹೋಗುತ್ತೇನೆ. ಅಲ್ಲಿಂದ ಮುಂದಕ್ಕೆ ಕಾಲು ಏಳುವುದಿಲ್ಲ.